ಜೋಳದ ಹೊಲದಿಂದ ತಿರುಗಿ ಬಂದವರು

ಇವತ್ತು ಬೆಳಿಗ್ಗೆ ಗಾಂಧಿ ಚೌಕಕ್ಕೆ ಹೋಗುವಾಗ ನಮ್ಮ ಆಟೋದ ಮುಂದೆ ಹಸಿ ಮೇವು ಹೇರಿದ ಟ್ರ್ಯಾಕ್ಟರೊಂದು ಸಿಕ್ಕಿಕೊಂಡಿತು. ಅದರ ಹಿಂದೆ ನಾವು, ನಮ್ಮ ಹಿಂದೆ ಇಡೀ ವಿಜಯಪುರ. ಆಟೋದವನು ಹಾರ್ನ್ ಒತ್ತಿ ಒತ್ತಿ ಸೋತ. ನನಗೇನೂ ಅವಸರವಿರಲಿಲ್ಲ. ಚಟ್ನಿಪುಡಿಗೆ ಗುರೆಳ್ಳು ತರಲು ಹೊರಟವಳು ನಾನು. ಮಗಳು ಫೋನಿನಲ್ಲಿ ಒಂದು ಮಾತು ಹೇಳಿದರೆ ಮನೆಬಾಗಿಲಿಗೇ ಬರುವ ವಸ್ತು ಅದು. ಆದರೆ ಅಂಗೈಯಲ್ಲಿ ತಿಕ್ಕಿ, ಮೂಸಿ ನೋಡಿ, ಅಂಗಡಿಯವನ ಜೊತೆ ಸ್ವಲ್ಪ ವಾದ ಮಾಡಿ ತರದಿದ್ದರೆ ಅದು ಗುರೆಳ್ಳು ಅನ್ನಿಸುವುದಿಲ್ಲ. ಈ ವಯಸ್ಸಿನಲ್ಲಿ ವಾದ ಮಾಡಲು ಬೇರೆ ಯಾರು ಸಿಗುತ್ತಾರೆ, ನೀವೇ ಹೇಳಿ.

ಗಾಳಿ ಇತ್ತ ತಿರುಗಿದಾಗ ಮೇವಿನ ವಾಸನೆ ಬಂತು. ಆಗಷ್ಟೇ ಕೊಯ್ದ ಜೋಳದ ದಂಟಿನ ಹಸಿ ವಾಸನೆ. ನಮ್ಮ ಕಡೆಯವರಿಗೆ ಆ ವಾಸನೆ ಬಂದರೆ ಸೀತನಿ ನೆನಪಾಗುತ್ತದೆ. ಹೊಲದ ಬದುವಿನಲ್ಲಿ ಕುಳ್ಳಿನ ಬೆಂಕಿ ಮಾಡಿ ಸುಟ್ಟ ಎಳೆ ತೆನೆ, ಜೊತೆಗೆ ಬೆಲ್ಲ, ಶೇಂಗಾ ಹಿಂಡಿ. ನನಗೂ ಅವೆಲ್ಲ ಪ್ರೀತಿಯೇ. ಆದರೆ ಆ ವಾಸನೆಗೆ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಒಬ್ಬ ಗಂಡಸು. ಆಳೆತ್ತರ ಬೆಳೆದ ಜೋಳದ ನಡುವೆ, ಮೊಣಕಾಲಿನಲ್ಲಿ ಮುಖ ಇಟ್ಟು ಕುಳಿತ ಗಂಡಸು. ಅವರು ನನ್ನ ಗಂಡ. ಆಗ ಮದುವೆಯಾಗಿ ಇನ್ನೂ ಬಳೆಯ ಬಣ್ಣ ಮಾಸಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ಆಗ ನಮ್ಮ ಊರಿಗೆ ಎಲ್ಲರೂ ಬಿಜಾಪುರ ಅನ್ನುತ್ತಿದ್ದರು. ನಮ್ಮವರು ಗಾಂಧಿ ಚೌಕದ ಕಾಳಿನ ವ್ಯಾಪಾರದ ಒಬ್ಬ ಅಡತಿ ಸಾವಕಾರರ ಟ್ರಕ್ಕು ಓಡಿಸುತ್ತಿದ್ದರು. ನನ್ನ ತವರು ಟಿಕೋಟ. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಇದನ್ನು ಇಂದಿಗೂ ಸಂದರ್ಭ ಇರಲಿ ಬಿಡಲಿ ಹೇಳುತ್ತೇನೆ, ಮನೆಮಂದಿಗೆಲ್ಲ ಕೇಳಿ ಕೇಳಿ ಬೇಸರ ಬಂದಿದೆ. ಮುಲ್ಕಿ ಪಾಸಾದ ಹುಡುಗಿಯನ್ನು ಡ್ರೈವರನಿಗೆ ಕೊಡುವುದೇ ಎಂದು ಅಪ್ಪ ಹಿಂದೆಮುಂದೆ ನೋಡಿದರು. ಅವ್ವ ಮಾತ್ರ ಗಟ್ಟಿಯಾಗಿ ನಿಂತಳು.

"ನನ್ನ ಜನ್ಮ ಎಲ್ಲಾ ಚಕ್ಕಡ್ಯಾಗ ಕುಂತು ಸೊಂಟಾ ಮುರೀತು. ಮಗಳರೆ ಮೋಟಾರದಾಗ ಅಡ್ಡಾಡಲಿ," ಅಂದಳು.

ಡ್ರೈವರ್ ಅಂದರೆ ಆಗ ಸಣ್ಣ ಮನುಷ್ಯನಲ್ಲ. ಟ್ರಕ್ಕು ಬಂದು ನಿಂತರೆ ಊರಿನ ಅರ್ಧ ಮಂದಿ ಸುತ್ತ ನಿಲ್ಲುತ್ತಿದ್ದರು. ಚಹಾದಂಗಡಿಯವನು ಬೆಂಚು ಒರೆಸುತ್ತಿದ್ದ. ಆದರೆ ಆ ಗೌರವದ ಅಡಿಯಲ್ಲಿ ಒಂದು ಹೆದರಿಕೆ ಯಾವಾಗಲೂ ಇರುತ್ತಿತ್ತು. ದಾರಿಯಲ್ಲಿ ಯಾರಿಗಾದರೂ ಗಾಡಿ ಬಡಿದರೆ ಅದೇ ಮಂದಿ ಡ್ರೈವರನನ್ನು ಕೆಳಗೆ ಎಳೆದು ಜೀವ ಹೋಗುವಂತೆ ಬಡಿಯುತ್ತಾರೆ ಎಂಬುದು ಆ ಕಸುಬಿನವರಿಗೆಲ್ಲ ಗೊತ್ತಿದ್ದ ಮಾತು. ಹಾಗೆ ಏಟು ತಿಂದವರನ್ನು ಅವರೆಲ್ಲ ಕಣ್ಣಾರೆ ಕಂಡಿದ್ದರು. ಅದಕ್ಕೇ ಹೊಸಬರಿಗೆ ಗಾಡಿ ಕಲಿಸುವ ಉಸ್ತಾದರು ಗೇರು ಹಾಕುವುದಕ್ಕಿಂತ ಮೊದಲು ಇದನ್ನು ಕಲಿಸುತ್ತಿದ್ದರಂತೆ. ಬಡಿಯಿತೋ, ಚಾವಿ ಕಿತ್ತುಕೋ, ಜಿಗಿ, ರಸ್ತೆ ಬಿಟ್ಟು ಹೊಲ ಹಿಡಿದು ಓಡು. ಹಿಂದೆ ನೋಡಬೇಡ. ಪೊಲೀಸ್ ಠಾಣೆ ಸಿಗುವ ತನಕ ಓಡಿ ಅಲ್ಲಿ ಒಳಗೆ ಹೋಗಿ ಕೂಡು. ನಮ್ಮವರಿಗೂ ಅವರ ಉಸ್ತಾದರು ಇದನ್ನೇ ಕಲಿಸಿದ್ದರು. ಬಿದ್ದವನ ವಿಷಯ ಆ ಪಾಠದಲ್ಲಿ ಎಲ್ಲಿಯೂ ಇರಲಿಲ್ಲ.

ಬೇರೆಯವರಿಗೂ ಅವರದೇ ಒಂದು ಪಾಠ ಇತ್ತು. ದಾರಿಯಲ್ಲಿ ಏನಾದರೂ ಆದರೆ ಪೊಲೀಸ್ ಫೌಜದಾರರು ಬಂದು ಪಂಚನಾಮೆ ಮಾಡುವ ತನಕ ಏನನ್ನೂ ಮುಟ್ಟಬಾರದು ಎಂಬುದು. ಗಾಡಿಯನ್ನೂ ಮುಟ್ಟಬಾರದು, ಬಿದ್ದವನನ್ನೂ ಮುಟ್ಟಬಾರದು. ಯಾವನೋ ಪುಣ್ಯಾತ್ಮ ಗಾಯಗೊಂಡವನನ್ನು ಎತ್ತಿನ ಚಕ್ಕಡಿಯಲ್ಲಿ ಹಾಕಿಕೊಂಡು ಹೋಗಿ, ನೀನೇ ಏನೋ ಮಾಡಿರಬೇಕು ಎನ್ನಿಸಿಕೊಂಡು, ವರ್ಷಗಟ್ಟಲೆ ಬಿಜಾಪುರದ ಕೋರ್ಟಿಗೆ ತಿರುಗಿದ ಕಥೆ ಪ್ರತಿ ಊರಿನಲ್ಲೂ ಇತ್ತು. ಹೀಗಾಗಿ ಡ್ರೈವರ್ ಓಡುತ್ತಿದ್ದ, ಮಂದಿ ಕೈ ಕಟ್ಟಿ ನಿಲ್ಲುತ್ತಿದ್ದರು. ಎರಡೂ ಕಡೆಯವರು ತಾವು ಮಾಡಿದ್ದು ಸರಿ ಎಂದೇ ತಿಳಿದಿದ್ದರು.

ಅವತ್ತು ನಮ್ಮವರು ನನ್ನನ್ನು ತವರಿನಿಂದ ಕರೆದೊಯ್ಯಲು ಬಂದಿದ್ದರು. ಕರೆದೊಯ್ಯಲು ಬಂದರು ಅನ್ನುವುದು ನನ್ನ ಬಡಾಯಿ. ಖಾಲಿ ಚೀಲ ಹಾಕಿಕೊಂಡು ಟಿಕೋಟದ ಮೇಲಿಂದ ಬಬಲೇಶ್ವರಕ್ಕೆ ಹೋಗಿ, ಕುಸುಬಿ ತುಂಬಿಕೊಂಡು ಬಿಜಾಪುರಕ್ಕೆ ಮರಳುವುದಿತ್ತು. ದಾರಿಯಲ್ಲಿ ಹೆಂಡತಿಯನ್ನೂ ಹೇರಿಕೊಂಡರು. ಜೊತೆಗಿರುತ್ತಿದ್ದ ಕ್ಲೀನರ್ ಜ್ವರ ಬಂದು ಮಲಗಿದ್ದ. ಕ್ಯಾಬಿನ್ನಿನಲ್ಲಿ ನಾವಿಬ್ಬರೇ. ನಾನು ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು, ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ರಾಣಿಯಂತೆ ಕುಳಿತಿದ್ದೆ. ಎದುರಿಗೆ ಯಾರಾದರೂ ಗುರುತಿನವರು ಬರಲಿ, ನನ್ನನ್ನು ನೋಡಲಿ ಎಂದು ಆಸೆ. ಆ ಮಣ್ಣುದಾರಿಯಲ್ಲಿ ಆಡುಗಳ ಹೊರತು ಯಾರೂ ಬರಲಿಲ್ಲ. ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಬಿಳಿಜೋಳ ಎದ್ದು ನಿಂತಿತ್ತು.

ಬಬಲೇಶ್ವರ ಹತ್ತಿರ ಬಂದಾಗ ಹಳ್ಳದ ಇಳಿಜಾರಿನಲ್ಲಿ ಮುಂದೆ ಒಂದು ಚಕ್ಕಡಿ ಹೋಗುತ್ತಿತ್ತು. ಅದರಲ್ಲಿ ವಯಸ್ಸಾದ ಹೆಣ್ಣುಮಗಳೊಬ್ಬಳು ಕುಳಿತಿದ್ದಳು. ಪಕ್ಕದಲ್ಲಿ ಅವಳ ಮಗ ನಡೆಯುತ್ತಿದ್ದ. ದಾರಿ ಬಿಡಲಿ ಎಂದು ನಮ್ಮವರು ಹಾರ್ನ್ ಹೊಡೆದರು. ಆ ಕಾಲದ ಎತ್ತುಗಳಿಗೆ ಮೋಟಾರಿನ ಸದ್ದು ರೂಢಿಯಿರಲಿಲ್ಲ. ಎಡಗಡೆಯದು ಬೆದರಿ ಅಡ್ಡ ತಿರುಗಿತು. ಮಗ ಅದರ ಮೂಗುದಾರ ಹಿಡಿಯಲು ದಾರಿಯ ನಡುವೆ ಹಾರಿದ. ನಮ್ಮವರು ಬ್ರೇಕ್ ಒತ್ತಿದರು, ಆದರೆ ಇಳಿಜಾರಿನಲ್ಲಿ ಗಾಡಿ ನಿಲ್ಲಲಿಲ್ಲ. ಮುಂದಿನ ಮಡಗಾರ್ಡು ಅವನ ತೊಡೆಗೆ ಬಡಿದ ಸದ್ದು ನನಗೆ ಕಾಲಡಿಯಿಂದ ಕೇಳಿಸಿತು.

ನಾನು ನಮ್ಮವರ ಕಡೆ ತಿರುಗುವಷ್ಟರಲ್ಲಿ ಅವರ ಬಾಗಿಲು ತೆರೆದಿತ್ತು. ಚಾವಿ ಇರಲಿಲ್ಲ. ಅವರೂ ಇರಲಿಲ್ಲ. ಹೊಲದಲ್ಲಿ ಜೋಳ ಒಂದು ಗೆರೆಯಾಗಿ ಅಲುಗಾಡಿ ಸುಮ್ಮನಾಯಿತು. ನನ್ನ ಗಂಡ ನನ್ನನ್ನು ಗಾಡಿಯಲ್ಲಿ ಬಿಟ್ಟು ಓಡಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅಕ್ಕಪಕ್ಕದ ಹೊಲಗಳಿಂದ ಮಂದಿ ಕೂಡಿದರು. ಒಬ್ಬ ಗಾಲಿಗೆ ಕುಡುಗೋಲಿನಿಂದ ಬಡಿದ. ಇನ್ನೊಬ್ಬ ಕ್ಯಾಬಿನ್ ಹತ್ತಿ ನೋಡಿ, "ಡ್ರೈವರ್ ಓಡ್ಯಾನ. ಹೇಂತಿನ್ನ ಬಿಟ್ಟಾನ. ಆಕಿನ್ನ ಹಿಡ್ಕೊಂಡು ಕುಂಡ್ರೂಣು, ತಾನ ಬರ್ತಾನ," ಅಂದ.

"ಯಾವೂರಾಕಿ ಬೇ ನೀ?" ಎಂದು ಯಾರೋ ಕೇಳಿದರು. ಟಿಕೋಟ ಅಂದೆ.

ಅಷ್ಟರಲ್ಲಿ ಆ ಊರಿನ ಗೌಡರು ಬಂದರು. ಎತ್ತರದ ಮುದುಕ. "ಹೆಣ್ಮಗಳ ತಂಟೆಕ್ಕ ಹೋಗಬ್ಯಾಡ್ರಿ," ಎಂದು ಮೊದಲು ಹೇಳಿದರು. ಆಮೇಲೆ ಬಿದ್ದವನನ್ನು ನೋಡಿದರು. ಅವನ ಹೆಸರು ಭೀಮಪ್ಪ. ತೊಡೆಯ ಎಲುಬು ಮುರಿದು ಚರ್ಮ ಹರಿದು ಹೊರಗೆ ಬಂದಿತ್ತು. ತಾಯಿ ದ್ಯಾಮವ್ವ ಎರಡೂ ಕೈಯಿಂದ ಗಾಯ ಒತ್ತಿ ಹಿಡಿದು ಕುಳಿತಿದ್ದಳು. ಗೌಡರು ಒಬ್ಬನನ್ನು ಸೈಕಲ್ ಮೇಲೆ ಫೌಜದಾರರಿಗೆ ಸುದ್ದಿ ಮುಟ್ಟಿಸಲು ಕಳಿಸಿದರು. ಉಳಿದವರಿಗೆ, "ಪಂಚನಾಮಾ ಆಗೂತನಕ ಯಾರೂ ಒಂದ ಕಡ್ಡೀನೂ ಅಲಗ್ಯಾಡಸಬ್ಯಾಡ್ರಿ. ಗುರುತಿಗೆ ಕಲ್ಲ ಇಡ್ರಿ," ಅಂದರು.

ಮಂದಿ ದಾರಿಯ ಬದಿಯಿಂದ ಕಲ್ಲು ಆರಿಸಿ ತಂದರು. ಉಸಿರಾಡುತ್ತಿದ್ದ, ನೀರು ನೀರು ಎನ್ನುತ್ತಿದ್ದ ಆ ಮನುಷ್ಯನ ಸುತ್ತ, ಅವನನ್ನು ಒತ್ತಿ ಹಿಡಿದ ತಾಯಿಯ ಸುತ್ತ, ಒಂದೊಂದಾಗಿ ಕಲ್ಲಿಟ್ಟರು. ಅವರು ಕೆಟ್ಟ ಮಂದಿಯಲ್ಲ. ಕಲ್ಲಿಡುವಾಗ ಒಬ್ಬ ಅಳುತ್ತಿದ್ದ. ಕಾಯಿದೆ ಹೀಗೆಯೇ ಇದೆ ಎಂದು ನಂಬಿದ್ದರು, ಅಷ್ಟೇ. ಆಮೇಲೆ ಎಲ್ಲರೂ ಸ್ವಲ್ಪ ಹಿಂದೆ ಸರಿದು ನಿಂತರು. ಬೈಗುಳ ನಿಂತಿತು, ಗದ್ದಲ ನಿಂತಿತು. ಬಸ್ಸು ಬರುವುದು ಮಧ್ಯಾಹ್ನದ ಮೇಲೆ. ಆ ಗಾಯ ಕಟ್ಟಿಕೊಂಡು ಚಕ್ಕಡಿಯಲ್ಲಿ ಬಿಜಾಪುರದ ತನಕ ಹೋದರೆ ದಾರಿಯಲ್ಲೇ ಜೀವ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಅವನನ್ನು ದೊಡ್ಡ ದವಾಖಾನೆಗೆ ಮುಟ್ಟಿಸಬಲ್ಲ ಗಾಡಿ ಅವನ ತಲೆಯ ಹತ್ತಿರವೇ ನಿಂತಿತ್ತು. ಅದನ್ನು ನಡೆಸಬಲ್ಲವನು ಒಬ್ಬನೇ ಇದ್ದ, ಅವನು ಓಡಿಹೋಗಿದ್ದ.

ನಾನು ಕೆಳಗಿಳಿದೆ. ಧೈರ್ಯದಿಂದಲ್ಲ, ಒಬ್ಬಳೇ ಮೇಲೆ ಕುಳಿತಿರಲು ಆಗಲಿಲ್ಲ. ಕಲ್ಲು ದಾಟಿ ಒಳಗೆ ಹೋಗಿ ದ್ಯಾಮವ್ವನ ಪಕ್ಕದಲ್ಲಿ ಕೂತೆ. ಯಾರೋ ಬೇಡ ಅಂದರು, ಗೌಡರು ತಡೆಯಲಿಲ್ಲ. ರೊಟ್ಟಿ ಕಟ್ಟಿದ್ದ ಬಟ್ಟೆ ಬಿಚ್ಚಿ ಅವಳ ಕೈಗೆ ಕೊಟ್ಟೆ. ರೊಟ್ಟಿಗಳು ಮಣ್ಣಿಗೆ ಬಿದ್ದವು. ಅವಳು ನನ್ನ ಮುಖ ನೋಡಲಿಲ್ಲ. ಬಟ್ಟೆ ಮಡಚಿ ಗಾಯದ ಮೇಲಿಟ್ಟು ಮತ್ತೆ ಒತ್ತಿದಳು.

"ನಿನ್ನ ಗಂಡ ಎಲ್ಲಿ ಹೋದ?" ಎಂದು ಕೇಳಿದಳು.

"ಗೊತ್ತಿಲ್ಲಬೇ ಯವ್ವಾ."

"ಬಾ ಅನ್ನವಾ. ನಾ ಏನೂ ಅನ್ನಂಗಿಲ್ಲ. ಗಾಡಿ ಹೊಡಿ ಅಂತೀನಿ, ಅಷ್ಟ."

ಎಲ್ಲಿ ಅಂತ ಕರೆಯಲಿ? ಹೊಲದ ಕಡೆ ಮುಖ ಮಾಡಿ ಗಂಡನ ಹೆಸರು ಹಿಡಿದು ಕೂಗಬೇಕು. ಆ ಕಾಲದಲ್ಲಿ ನಾವು ಗಂಡನ ಹೆಸರು ಬಾಯಿ ತುದಿಗೂ ತರುತ್ತಿರಲಿಲ್ಲ. ಮದುವೆಮನೆಗಳಲ್ಲಿ ಒಡಪಿನ ಪದ್ಯದೊಳಗೆ ಕಟ್ಟಿ ಹೇಳುವಾಗಲೂ ನಾಚಿಕೆ. ಬಾಯಿ ತೆರೆದೆ, ಹೆಸರು ಹೊರಗೆ ಬರಲಿಲ್ಲ. "ರೀ" ಎಂದೆ. "ರೀ, ಬರ್ರೀ" ಎಂದು ಆ ಜೋಳಕ್ಕೆಲ್ಲ ಕೇಳುವಂತೆ ಕೂಗಿದೆ. ಜೋಳ ಅಲುಗಲಿಲ್ಲ. ಬಿಸಿಲು ಏರುತ್ತಿತ್ತು. ಭೀಮಪ್ಪ ನೀರು ಕೇಳುವುದನ್ನೂ ಬಿಟ್ಟಿದ್ದ. ಯವ್ವಾ ಎಂದಷ್ಟೇ ಅನ್ನುತ್ತಿದ್ದ. ನಾನು ಕೂಗಿದ ಮೇಲೆ ಬಹಳ ಹೊತ್ತು ಆಗಿತ್ತು. ಆಗ ಹಳ್ಳದ ಆಚೆ ದಂಟು ಮುರಿಯುವ ಸದ್ದಾಯಿತು. ನಮ್ಮವರು ಹೊರಗೆ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಜೋಳದ ಎಲೆ ಕೊಯ್ದು ಮುಖವೆಲ್ಲ ಗೀರು. ಚಾವಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಿದ್ದರು.

ಅವರು ರಸ್ತೆಗೆ ಕಾಲಿಡುವ ಮೊದಲೇ ಏಟು ಬಿದ್ದವು. ಕೆಳಗೆ ಬಿದ್ದರು, ಎದ್ದರು, ಮತ್ತೆ ಬಿದ್ದರು. ಕೈ ಅಡ್ಡ ತರಲಿಲ್ಲ. ಆಗ ದ್ಯಾಮವ್ವ ಗಾಯದಿಂದ ಕೈ ತೆಗೆಯದೆ ಕೂಗಿದಳು.

"ಅವನ್ನ ನಾಳಿ ಬಡೀರಿ! ಇವತ್ತ ನನ್ನ ಮಗನ್ನ ಒಯ್ಯಲಿ!"

ಮಂದಿಯ ಕೈ ನಿಂತಿತು. ಎಲ್ಲರೂ ಗೌಡರನ್ನು ನೋಡಿದರು. ಪಂಚನಾಮೆಗಿಂತ ಮೊದಲು ಗಾಡಿ ಸರಿಸಿದರೆ ಉತ್ತರ ಕೊಡಬೇಕಾದವರು ಅವರು. ಗೌಡರು ಗಾಡಿಯನ್ನು ನೋಡಿದರು, ದ್ಯಾಮವ್ವನನ್ನು ನೋಡಿದರು. ಆಮೇಲೆ ಬಗ್ಗಿ ಒಂದು ಕಲ್ಲು ತೆಗೆದುಕೊಂಡು ಮುಂದಿನ ಗಾಲಿಯ ಬದಿಗೆ ಇಟ್ಟರು. ಇನ್ನೊಂದು ಗಾಲಿಗೆ ಇನ್ನೊಂದು. ಮುದುಕ ಸೊಂಟ ಹಿಡಿದುಕೊಂಡು ಗಾಡಿಯನ್ನು ಸುತ್ತು ಹಾಕಿ ಎಲ್ಲ ಗಾಲಿಗೂ ಗುರುತು ಇಟ್ಟರು.

"ಗಾಡಿ ಎಲ್ಲಿತ್ತು ಅನ್ನೂದು ಕಲ್ಲ ಹೇಳ್ತಾವು. ಕಲ್ಲ ನಾ ಕಾಯ್ತೀನಿ. ನೀವು ಹೋಗ್ರಿ," ಅಂದರು.

ಖಾಲಿ ಚೀಲ ಹಾಸಿ ಭೀಮಪ್ಪನನ್ನು ಹಿಂದೆ ಮಲಗಿಸಿದರು. ಏಟು ಹಾಕಿದವರಲ್ಲೇ ಇಬ್ಬರು ಅವನ ಕಾಲು ಹಿಡಿದು ಕುಳಿತರು, ಪಕ್ಕದಲ್ಲಿ ನಾನು, ದ್ಯಾಮವ್ವ. ನಮ್ಮವರು ಅವತ್ತು ನಡೆಸಿದಂತೆ ಗಾಡಿ ನಡೆಸಿದ್ದನ್ನು ನಾನು ಆಮೇಲೆ ಎಂದೂ ಕಾಣಲಿಲ್ಲ. ಪ್ರತಿ ತಗ್ಗಿಗೂ ಹಿಂದೆ ತಿರುಗಿ, "ಹೆಂಗದಾನ್ರೀ?" ಎಂದು ಕೇಳುತ್ತಿದ್ದರು. ಇದ್ದಾನೆ, ಇದ್ದಾನೆ ಎಂದು ನಾವು ಕೂಗಿ ಹೇಳುತ್ತಿದ್ದೆವು. ಬಿಜಾಪುರದ ಗುಮ್ಮಟ ದೂರದಿಂದ ಕಂಡಾಗ ನಾನು ದ್ಯಾಮವ್ವನಿಗೆ, "ಬಂತುಬೇ ಊರು," ಅಂದೆ. ಅವಳು ಮಗನ ಕಿವಿಯಲ್ಲಿ ಅದನ್ನೇ ಹೇಳಿದಳು.

ದವಾಖಾನೆಯಲ್ಲಿ ಅವನನ್ನು ಖಾಟಿನ ಮೇಲೆ ಹಾಕಿದರು. ಡಾಕ್ಟರು ಓಡಿ ಬಂದು ತಮ್ಮ ಕೈಲಾದದ್ದೆಲ್ಲ ಮಾಡಿದರು. ಸಂಜೆಯ ಹೊತ್ತಿಗೆ ಭೀಮಪ್ಪ ತೀರಿಕೊಂಡ. ರಕ್ತ ಬಹಳ ಹೋಗಿದೆ, ಸ್ವಲ್ಪ ಮೊದಲು ತಂದಿದ್ದರೆ ಎಂದು ಡಾಕ್ಟರು ಶುರು ಮಾಡಿದವರು ನಮ್ಮವರ ಮುಖ ನೋಡಿ ಮಾತು ನಿಲ್ಲಿಸಿದರು.

ದ್ಯಾಮವ್ವ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಳು. ನಮ್ಮವರು ಹೋಗಿ ಅವಳ ಕಾಲ ಹತ್ತಿರ ನೆಲದ ಮೇಲೆ ಕೂತರು. ಬೈಯಲಿ, ಉಗುಳಲಿ, ಚಪ್ಪಲಿಯಿಂದ ಹೊಡೆಯಲಿ ಎಂದು ಕಾದಿದ್ದರು. ಅವಳು ಅವರ ಕಡೆ ತಿರುಗಿ ಒಂದೇ ಮಾತು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುವಂತಿತ್ತು.

"ಹೊಳ್ಳಿ ಬರೂದಿತ್ತಂದ್ರ ಯಾಕ ಹೋದ್ಯೋ ಯಪ್ಪಾ?"

ನಮ್ಮವರು ಅಲ್ಲಿಂದ ಎದ್ದು ನೇರ ಠಾಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮುಂದೆ ಕೇಸು ನಡೆದಾಗ ವಕೀಲರು, ಓಡಿದ್ದು ಠಾಣೆಗೆ ಹೋಗಲು ಎಂದು ಹೇಳು, ಕೋರ್ಟು ಒಪ್ಪುತ್ತದೆ ಎಂದು ಕಲಿಸಿದ್ದರು. "ಠಾಣೆಕ್ಕ ಹೋಗಿಲ್ರಿ, ಜ್ವಾಳದಾಗ ಕುಂತಿದ್ದೆ," ಎಂದು ಇವರು ಕೋರ್ಟಿನಲ್ಲಿ ಹೇಳಿಬಿಟ್ಟರು. ಶಿಕ್ಷೆಯಾಯಿತು, ಅನುಭವಿಸಿ ಬಂದರು. ಬಂದ ಮೇಲೆ ದ್ಯಾಮವ್ವನ ಊರಿಗೆ ಹೋದರು, ನಾನೂ ಹೋದೆ. ಅವಳು ನಮ್ಮ ಮುಂದೆ ನೀರಿನ ತಂಬಿಗೆ ಇಟ್ಟಳು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಅಂದಿನಿಂದ ಆ ದಾರಿಯಲ್ಲಿ ಮಮದಾಪುರದ ಕಡೆ ಗಾಡಿ ಹೋದಾಗಲೆಲ್ಲ ಅವಳ ಬಾಗಿಲಲ್ಲಿ ನಿಲ್ಲಿಸಿ, ಏನಾದರೂ ತರುವುದಿದೆಯೇ ಎಂದು ಕೇಳುತ್ತಿದ್ದರು. ಅವಳು ಬದುಕಿರುವ ತನಕ ಇಲ್ಲ ಎಂದೇ ಹೇಳಿದಳು. ಇವರು ಕೇಳುವುದನ್ನು ಬಿಡಲಿಲ್ಲ.

ಮುಂದೆ ಅವರೇ ಉಸ್ತಾದರಾದರು. ಗಾಡಿ ಕಲಿಯಲು ಬಂದವರಿಗೆ ನಮ್ಮ ಕಟ್ಟೆಯ ಮೇಲೆ ಮೊದಲ ಪಾಠ. ಗಾಡಿ ನಿಲ್ಲಿಸು, ಬ್ರೇಕ್ ಎಳಿ, ಗಾಲಿಗೆ ಕಲ್ಲು ಕೊಡು. ಬಿದ್ದವನ ಹತ್ತಿರ ಓಡು, ಹೊಲಕ್ಕಲ್ಲ. ರಕ್ತ ಹೋಗುತ್ತಿದ್ದರೆ ಬಟ್ಟೆ ಇಟ್ಟು ಒತ್ತು, ಬಿಡಬೇಡ. ಎತ್ತುವಾಗ ಮುರಿದ ಕಾಲಿಗೆ ಒಬ್ಬನನ್ನು ಬೇರೆ ಹಚ್ಚು. ದವಾಖಾನೆ ಮೊದಲು, ಠಾಣೆ ಆಮೇಲೆ, ಆದರೆ ಠಾಣೆ ತಪ್ಪಿಸಬೇಡ. ಒಮ್ಮೆ ಒಬ್ಬ ಹೊಸಬ ಕೇಳಿಯೇ ಬಿಟ್ಟ.

"ಮಂದಿ ಬಡದ್ರ ಏನ್ ಮಾಡೂದ್ರಿ ಉಸ್ತಾದ?"

"ಬಡಸ್ಕೋ. ಅದು ಮಾಯ್ತದ. ನಾ ಜ್ವಾಳದಾಗ ಕುಂತದ್ದು ಇನ್ನೂ ಮಾಯ್ದಿಲ್ಲ ನೋಡು," ಅಂದರು.

ನಾನು ಒಳಗೆ ಬಳ್ಳೊಳ್ಳಿ ಸುಲಿಯುತ್ತಿದ್ದೆ. ಅವನು ಹೋದ ಮೇಲೆ ಹೊರಗೆ ಬಂದು, ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಕೇಳಿದೆ. "ನಾ ಕೂಗಿದ್ದು ಕೇಳಿಸಿತ್ತೇನ್ರಿ? ಅದಕ್ಕ ಬಂದ್ರೇನ್ರಿ?"

ಅವರು ಸುಳ್ಳು ಹೇಳಬಹುದಿತ್ತು. ಹೆಂಡತಿಗೆ ಅಷ್ಟು ಸುಳ್ಳು ಯಾವ ಗಂಡನಾದರೂ ಹೇಳುತ್ತಾನೆ.

"ಇಲ್ಲ. ಖರೆ ಹೇಳಬೇಕಂದ್ರ ನೀ ಗಾಡ್ಯಾಗ ಇದ್ದದ್ದ ಮರತಿದ್ದೆ. ಗದ್ದಲ ಇರೂತನಕ ಕುಂತಿದ್ದೆ. ಗದ್ದಲ ನಿಂತು, ಅಂವ ಯವ್ವಾ ಅನ್ನೂದು ಕೇಳಿಸ್ತು. ಚಾವಿ ನನ್ನ ಕೈಯಾಗ ಇತ್ತು."

ಅವತ್ತಿನ ಪಲ್ಯಕ್ಕೆ ನಾನು ಉಪ್ಪು ಹಾಕಲಿಲ್ಲ. ಅವರು ಸುಮ್ಮನೆ ಉಂಡರು. ಬಹಳ ದಿನ ನನಗೆ ಅದು ಚುಚ್ಚುತ್ತಿತ್ತು, ಸುಳ್ಳೇಕೆ ಹೇಳಲಿ. ಆಮೇಲೆ, ಯಾವಾಗ ಎಂದು ನೆನಪಿಲ್ಲ, ಚುಚ್ಚುವುದು ನಿಂತಿತು. ನನಗಾಗಿ ಬಂದಿದ್ದರೆ ನನ್ನನ್ನು ಕರೆದುಕೊಂಡು ಹೋಗಿಬಿಡುತ್ತಿದ್ದರೋ ಏನೋ. ಅವರು ಬಿದ್ದವನಿಗಾಗಿ ಬಂದಿದ್ದರು. ತಡವಾಗಿ ಬಂದರು, ಆ ತಡಕ್ಕೆ ಒಂದು ಜೀವ ಹೋಯಿತು, ಆದರೆ ಬಂದರು. ಅಂಥವರ ಜೊತೆ ನಾನು ಸಂಸಾರ ಮಾಡಿದೆ, ಅವರನ್ನು ಕಳೆದುಕೊಂಡೂ ಈಗ ಕೆಲವು ವರ್ಷವಾಯಿತು.

ಇದೆಲ್ಲ ಅಂದುಕೊಳ್ಳುವಷ್ಟರಲ್ಲಿ ಟ್ರ್ಯಾಕ್ಟರ್ ಬದಿಗೆ ಸರಿದು ದಾರಿ ಬಿಟ್ಟಿತು. ತಡವಾದದ್ದನ್ನೆಲ್ಲ ಒಮ್ಮೆಗೇ ತುಂಬಿಕೊಳ್ಳುವವನಂತೆ ಆಟೋದವನು ಮುಂದೆ ನುಗ್ಗಿಸಿದ. ಚೌಕದ ತಿರುವಿನಲ್ಲಿ ಬುಟ್ಟಿ ಹೊತ್ತ ಹೆಣ್ಣುಮಗಳೊಬ್ಬಳಿಗೆ ಆಟೋದ ಅಂಚು ತಗುಲಿತು. ಬುಟ್ಟಿ ಒಂದು ಕಡೆ, ಅವಳು ಒಂದು ಕಡೆ ಬಿದ್ದಳು. ಉಳ್ಳಾಗಡ್ಡಿ ರಸ್ತೆಯ ತುಂಬ ಉರುಳಿತು. "ಹಿಡೀರಿ ಅವನ್ನ!" ಎಂದು ಅಂಗಡಿಯೊಂದರಿಂದ ಯಾರೋ ಕೂಗಿದರು.

ಆಟೋದವನಿಗೆ ಇಪ್ಪತ್ತೈದರ ಒಳಗೆ ವಯಸ್ಸಿರಬೇಕು. ಕಣ್ಣು ಪಕ್ಕದ ಖಾಲಿ ಓಣಿಯತ್ತ ಹೋಯಿತು, ಕೈ ಹ್ಯಾಂಡಲ್ ತಿರುಗಿಸತೊಡಗಿತು. ನಾನು ಹಿಂದಿನಿಂದ ಅವನ ಹೆಗಲ ಮೇಲೆ ಕೈಯಿಟ್ಟೆ. ಮುದುಕಿಯ ಕೈ, ಅದರಲ್ಲಿ ಏನು ಬಲ ಇರುತ್ತದೆ.

"ಇಳಿ ತಮ್ಮಾ," ಅಂದೆ. "ಆಕಿನ್ನ ನೋಡು ಹೋಗು. ನಾ ನಿನ್ನ ಕೂಡ ಬರ್ತೀನಿ."

ಅವನು ಒಮ್ಮೆ ತಿರುಗಿ ನನ್ನ ಮುಖ ನೋಡಿದ. ಆಮೇಲೆ ಆಟೋ ಬಂದ್ ಮಾಡಿ ಕೆಳಗಿಳಿದ.